ಲಿನಕ್ಸ್ ಬಿಡುವ ಮುನ್ನ ಡೆಸ್ಕ್‌ಟಾಪ್ ಬದಲಿಸಿ ನೋಡಿ

ಓದುಗರ ಪ್ರಶ್ನೆ – ನಮ್ಮ ಉತ್ತರ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಈ ಬಾರಿ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಲಿನಕ್ಸ್ ಲ್ಯಾಪ್‌ಟಾಪಿನ ಡೆಸ್ಕ್‌ಟಾಪ್ ಬಗೆಗಿನ ದೂರುಗಳೇ ಆಗಿವೆ. ಲಿನಕ್ಸ್ ಎಂಬುದು ವಿಂಡೋಸ್‌ನ ಜಾಗದಲ್ಲಿ ಹಾಕಿಕೊಳ್ಳಬಹುದಾದ ಮುಕ್ತ ಕಾರ್ಯಾಚರಣಾ ವ್ಯವಸ್ಥೆ. ಡೆಸ್ಕ್‌ಟಾಪ್ ಎಂದರೆ ಇಲ್ಲಿ ಮೇಜಿನ ಮೇಲಿಡುವ ಕಂಪ್ಯೂಟರ್ ಅಲ್ಲ, ಪರದೆಯ ಮೇಲೆ ಕಾಣುವ ಪಟ್ಟಿ, ಮೆನು, ಕಿಟಕಿಗಳ ವ್ಯವಸ್ಥೆ. ವಿಂಡೋಸ್ 10ಕ್ಕಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವಾಗಲಿ ಹೊಸ ತಲೆಮಾರಿನ ಪ್ರೊಸೆಸರ್ ಆಗಲಿ ಇಲ್ಲದ ಯಂತ್ರಗಳನ್ನು ಗುಜರಿಗೆ ಹಾಕಲು ಮನಸ್ಸಾಗದವರು ಲಿನಕ್ಸ್ ಹಾಕಿಸಿಕೊಂಡಿದ್ದಾರೆ. ಪತ್ರಗಳು ಹೆಚ್ಚಿರುವುದಕ್ಕೆ ಇದೇ ಕಾರಣವಿರಬೇಕು. ಎಲ್ಲ ಪತ್ರಗಳನ್ನೂ ಪ್ರಕಟಿಸಲು ಜಾಗವಿಲ್ಲದ ಕಾರಣ ಆರನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ಮಗನ ಸ್ನೇಹಿತರೊಬ್ಬರು ನನ್ನ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಟ್ಟರು. ಯಂತ್ರವೇನೋ ಮೊದಲಿಗಿಂತ ಚುರುಕಾಗಿದೆ. ಆದರೆ ಕೆಳಗಿನ ಪಟ್ಟಿ ಕಾಣೆಯಾಗಿದೆ, ಕಿಟಕಿಯನ್ನು ಕೆಳಗಿಳಿಸುವ ಗುಂಡಿಯೂ ಇಲ್ಲ, ಪರದೆಯ ಮೇಲೆ ಒಂದು ಕಡತವನ್ನು ಇಟ್ಟುಕೊಳ್ಳಲೂ ಆಗುತ್ತಿಲ್ಲ. ತೋಟದ ಲೆಕ್ಕದ ಕಡತ ತೆರೆದಿದ್ದಾಗ ಬೇರೊಂದನ್ನು ತೆರೆದರೆ ಮೊದಲನೆಯದು ಎಲ್ಲಿ ಹೋಯಿತೆಂದು ಹುಡುಕುವುದೇ ಕೆಲಸವಾಗಿದೆ. ಮತ್ತೆ ವಿಂಡೋಸ್‌ಗೇ ಮರಳಲೇ? — ಮೂಡಿಗೆರೆ

ಉತ್ತರ: ಮಾನ್ಯರೇ, ತಾವು ವಿವರಿಸಿರುವ ಲಕ್ಷಣಗಳನ್ನು ನೋಡಿದರೆ ತಮ್ಮ ಯಂತ್ರದಲ್ಲಿರುವುದು ಗ್ನೋಮ್ ಎಂಬ ಡೆಸ್ಕ್‌ಟಾಪ್ ಎಂದು ಧೈರ್ಯವಾಗಿ ಹೇಳಬಹುದು. ಯಂತ್ರ ಚುರುಕಾಗಿದೆ ಎಂದು ತಾವೇ ಬರೆದಿದ್ದೀರಿ. ಹಾಗಾದರೆ ತಮ್ಮ ಜಗಳ ಲಿನಕ್ಸ್ ಜೊತೆಗಿನದಲ್ಲ. ವಿಂಡೋಸ್‌ನಲ್ಲಿ ಒಳಗಿನ ಯಂತ್ರಭಾಗವೂ ಕಣ್ಣಿಗೆ ಕಾಣುವ ಮೇಲ್ಭಾಗವೂ ಒಂದೇ ಕಂಪನಿಯಿಂದ ಒಂದೇ ಗಂಟಾಗಿ ಬರುತ್ತವೆ. ಲಿನಕ್ಸ್‌ನಲ್ಲಿ ಇವೆರಡೂ ಬೇರೆ ಬೇರೆ ಜನರ ಕೆಲಸ. ಮನೆಯ ತಳಪಾಯ, ಗೋಡೆ, ಮಾಡು ಎಲ್ಲವನ್ನೂ ಇದ್ದ ಹಾಗೆಯೇ ಇಟ್ಟು ಜಗುಲಿಯನ್ನು ಮಾತ್ರ ಬೇರೆ ರೀತಿಯಲ್ಲಿ ಕಟ್ಟಿಸಿಕೊಳ್ಳಲು ಇಲ್ಲಿ ಅವಕಾಶವಿದೆ.

ಗ್ನೋಮ್ ಹೀಗೇಕಿದೆ ಎಂಬುದಕ್ಕೆ ಸ್ವಲ್ಪ ಹಿಂದಿನ ಕಥೆ ಬೇಕಾಗುತ್ತದೆ. 1996ರಲ್ಲಿ ಕೆಡಿಇ ಎಂಬ ಇನ್ನೊಂದು ಡೆಸ್ಕ್‌ಟಾಪಿನ ಯೋಜನೆ ಆರಂಭವಾದಾಗ ಅದು ಬಳಸಿಕೊಂಡ ಕ್ಯೂಟಿ ಎಂಬ ಪರಿಕರದ ಪರವಾನಗಿ ಆಗ ಪೂರ್ತಿ ಮುಕ್ತವಾಗಿರಲಿಲ್ಲ. ಆ ಅಸಮಾಧಾನದಿಂದ 1997ರಲ್ಲಿ ಗ್ನೋಮ್ ಹುಟ್ಟಿತು. 2002ರಲ್ಲಿ ಬಂದ ಅದರ ಎರಡನೆಯ ಆವೃತ್ತಿಯಲ್ಲಿ ಪಟ್ಟಿ, ಮೆನು, ಗುಂಡಿಗಳೆಲ್ಲವೂ ತಮಗೆ ಒಗ್ಗುವ ರೀತಿಯಲ್ಲಿಯೇ ಇದ್ದವು. 2011ರ ಏಪ್ರಿಲ್‌ನಲ್ಲಿ ಮೂರನೆಯ ಆವೃತ್ತಿ ಬಂದಾಗ ಅದರ ವಿನ್ಯಾಸಕಾರರು ಅದೆಲ್ಲವನ್ನೂ ಅಳಿಸಿ ಹೊಸದಾಗಿ ಬರೆದರು. ಕಿಟಕಿಯನ್ನು ಬಚ್ಚಿಡುವ ಅಗತ್ಯವೇ ಇಲ್ಲ, ಬೇಡವಾದದ್ದನ್ನು ಇನ್ನೊಂದು ಕಾರ್ಯಾಂಗಣಕ್ಕೆ (ಅದೇ ಯಂತ್ರದಲ್ಲಿ ಮತ್ತೊಂದು ಪರದೆಯಂತಿರುವ ಜಾಗಕ್ಕೆ) ಸರಿಸಿದರಾಯಿತು, ಕೆಲಸ ಮಾಡುವವರ ಕಣ್ಣಮುಂದೆ ಆ ಹೊತ್ತಿನ ಕೆಲಸ ಬಿಟ್ಟು ಬೇರೇನೂ ಇರಬಾರದು ಎಂಬುದು ಅವರ ವಾದ. 2018ರಲ್ಲಿ ಪರದೆಯ ಮೇಲಿನ ಐಕಾನುಗಳೂ ಹೋದವು. ವಾದದಲ್ಲಿ ತಥ್ಯವಿಲ್ಲವೆಂದು ನಾನು ಹೇಳುವುದಿಲ್ಲ. ನಾನೇ ಆರು ವರ್ಷ ಗ್ನೋಮ್ ಬಳಸಿದವನು, ಮೂರು ಬೆರಳಿನಿಂದ ಟಚ್‌ಪ್ಯಾಡ್ ಸವರಿ ಅಂಗಣದಿಂದ ಅಂಗಣಕ್ಕೆ ಹೋಗುವುದು ಒಮ್ಮೆ ರೂಢಿಯಾದರೆ ಹಿತವೆನಿಸುತ್ತದೆ. ಆದರೆ ಇಪ್ಪತ್ತು ವರ್ಷ ಒಂದು ರೀತಿಯಲ್ಲಿ ಪಳಗಿದ ಕೈಗೆ ಹೊಸ ಪಾಠ ಹೇಳಿಕೊಡುವಾಗ ಹಳೆಯ ದಾರಿಯನ್ನೂ ತೆರೆದಿಟ್ಟಿರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಹಾಗೆ ಅನಿಸಿದ್ದು ನನಗೊಬ್ಬನಿಗೇ ಅಲ್ಲ. ಆಗಲೇ ಹಳೆಯ ಗ್ನೋಮ್‌ನ ಪ್ರೋಗ್ರಾಂ ಸಂಕೇತವನ್ನು ಎತ್ತಿಕೊಂಡು ಮುಂದುವರಿಸಿದವರಿಂದ ಮಾಟೆ ಎಂಬ ಡೆಸ್ಕ್‌ಟಾಪ್ ಬಂತು. ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್‌ನ ತಂಡ ಹೊಸ ಗ್ನೋಮ್‌ನ ತಿರುಳಿನ ಮೇಲೆಯೇ ಹಳೆಯ ಬಗೆಯ ಮೆನು ಮತ್ತು ಪಟ್ಟಿಯನ್ನು ಕಟ್ಟಿ ಸಿನಮನ್ ಎಂದು ಹೆಸರಿಟ್ಟಿತು. ತಮಗೆ ನಾನು ಸೂಚಿಸುವುದು ಈ ಸಿನಮನ್ ಅನ್ನೇ. ಈಗಿರುವ ಲಿನಕ್ಸ್ ಅನ್ನು ಅಳಿಸದೆಯೇ ಅದರ ತಂತ್ರಾಂಶ ಭಂಡಾರದಿಂದ ಸಿನಮನ್ ಸೇರಿಸಿಕೊಳ್ಳಲು ಸಾಮಾನ್ಯವಾಗಿ ಅವಕಾಶವಿರುತ್ತದೆ. ಸೇರಿಸಿದ ಬಳಿಕ ಒಮ್ಮೆ ಲಾಗೌಟ್ ಆಗಿ, ಲಾಗಿನ್ ಪರದೆಯಲ್ಲಿ ತಮ್ಮ ಹೆಸರನ್ನು ಒತ್ತಿ, ಪಾಸ್‌ವರ್ಡ್ ಬರೆಯುವ ಮೊದಲು ಬಲಗಡೆ ಕೆಳಮೂಲೆಯಲ್ಲಿ ಕಾಣುವ ಹಲ್ಲುಚಕ್ರದ ಗುರುತನ್ನು ಒತ್ತಿದರೆ ಯಾವ ಡೆಸ್ಕ್‌ಟಾಪ್ ಬೇಕೆಂಬ ಪಟ್ಟಿ ತೆರೆದುಕೊಳ್ಳುತ್ತದೆ. ತೋಟದ ಲೆಕ್ಕ, ಫೋಟೊ, ಕಾಗದಪತ್ರ ಯಾವುದೂ ಜಾಗ ಬಿಟ್ಟು ಕದಲುವುದಿಲ್ಲ. ಒಂದು ಎಚ್ಚರಿಕೆ: ನೋಡೋಣವೆಂದು ನಾಲ್ಕೈದು ಡೆಸ್ಕ್‌ಟಾಪ್‌ಗಳನ್ನು ಒಟ್ಟಿಗೆ ಸೇರಿಸಬೇಡಿ. ಪ್ರತಿಯೊಂದೂ ತನ್ನದೇ ಕಡತ ವೀಕ್ಷಕ, ತನ್ನದೇ ಟಿಪ್ಪಣಿ ಪುಸ್ತಕ, ತನ್ನದೇ ಸೆಟ್ಟಿಂಗ್ಸ್ ತರುವುದರಿಂದ ಮೆನುವಿನಲ್ಲಿ ಒಂದೇ ಕೆಲಸಕ್ಕೆ ಮೂರು ಆಪ್‌ಗಳು ಕಾಣಿಸಿಕೊಂಡು ಗೊಂದಲ ಹೆಚ್ಚುತ್ತದೆ.

ಅಷ್ಟೂ ಬೇಡ, ಗ್ನೋಮ್‌ನಲ್ಲಿಯೇ ಹೇಗೋ ನಡೆಸಿಕೊಂಡು ಹೋಗುತ್ತೇನೆ ಎನ್ನುವುದಾದರೆ, ಗ್ನೋಮ್ ಟ್ವೀಕ್ಸ್ ಎಂಬ ಪುಟ್ಟ ಆಪ್ ಹಾಕಿಕೊಂಡು ಅದರಲ್ಲಿ ಮಿನಿಮೈಸ್ ಗುಂಡಿಯನ್ನು ಮರಳಿ ಪಡೆಯಬಹುದು. ಡ್ಯಾಶ್ ಟು ಪ್ಯಾನೆಲ್ ಎಂಬ ಎಕ್ಸ್‌ಟೆನ್ಷನ್ (ಡೆಸ್ಕ್‌ಟಾಪಿಗೆ ಹೊರಗಿನಿಂದ ಸೇರಿಸುವ ತಂತ್ರಾಂಶದ ತುಣುಕು) ಕೆಳಗಿನ ಪಟ್ಟಿಯನ್ನು ತಂದುಕೊಡುತ್ತದೆ. ಎಕ್ಸ್‌ಟೆನ್ಷನ್ ನಂಬಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಮುಂದೆ ಹಾಸನದ ವಿದ್ಯಾರ್ಥಿಯೊಬ್ಬರ ಪತ್ರವಿದೆ, ಅದನ್ನು ಓದಿ ನಿರ್ಧರಿಸಿ.

ಪ್ರಶ್ನೆ: ನಮ್ಮದು ಡಿಟಿಪಿ ಅಂಗಡಿ, ಲಗ್ನಪತ್ರಿಕೆ, ಕರಪತ್ರ, ಅರ್ಜಿ ಟೈಪಿಂಗ್ ಮಾಡುತ್ತೇವೆ. ಹೊಸ ಲ್ಯಾಪ್‌ಟಾಪಿಗೆ ಲಿನಕ್ಸ್ ಮತ್ತು ಕೆಡಿಇಯ ಪ್ಲಾಸ್ಮಾ ಡೆಸ್ಕ್‌ಟಾಪ್ ಹಾಕಿದ್ದೇವೆ. ಕನ್ನಡ ಕೆಲವು ಆಪ್‌ಗಳಲ್ಲಿ ಮೂಡುತ್ತದೆ, ಕೆಲವುಗಳಲ್ಲಿ ಇಂಗ್ಲಿಷ್ ಅಕ್ಷರವೇ ಬೀಳುತ್ತದೆ. ನುಡಿ ತಂತ್ರಾಂಶದಲ್ಲಿ ಕಲಿತ ಕೀಲಿಮಣೆ ಸಿಗುತ್ತಿಲ್ಲ. ಹಳೆಯ ಕಡತಗಳನ್ನು ತೆರೆದರೆ ಅರ್ಥವಾಗದ ಗೀಚುಗಳು ಬರುತ್ತವೆ. — ಚನ್ನರಾಯಪಟ್ಟಣ

ಉತ್ತರ: ತಮ್ಮ ಪತ್ರದಲ್ಲಿ ಮೂರು ತೊಂದರೆಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಡೆಸ್ಕ್‌ಟಾಪಿಗೆ ಸಂಬಂಧಿಸಿದ್ದು ಮೊದಲನೆಯದು ಮಾತ್ರ.

ಲಿನಕ್ಸ್‌ನಲ್ಲಿ ಪರದೆಯ ಮೇಲೆ ಚಿತ್ರ ಮೂಡಿಸುವ, ಕೀಲಿ ಒತ್ತಿದ್ದನ್ನು ಆಪ್‌ಗಳಿಗೆ ತಲುಪಿಸುವ ಕೆಲಸವನ್ನು ದಶಕಗಳ ಕಾಲ ಎಕ್ಸ್ ಎಂಬ ವ್ಯವಸ್ಥೆ ಮಾಡುತ್ತಿತ್ತು. ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಹುಟ್ಟಿದ ಇದರ ಹನ್ನೊಂದನೆಯ ಆವೃತ್ತಿ 1987ರದು. ಅದರಲ್ಲಿ ಯಾವುದೇ ಆಪ್ ಬೇರೆ ಯಾವುದೇ ಆಪ್‌ನಲ್ಲಿ ಒತ್ತಿದ ಕೀಲಿಯನ್ನು ಕದ್ದು ಕೇಳಬಹುದಿತ್ತು. ಭದ್ರತೆಯ ದೃಷ್ಟಿಯಿಂದ ಇದು ದೊಡ್ಡ ಲೋಪವೇ ಆದರೂ, ಕನ್ನಡದಂತಹ ಭಾಷೆಗಳ ಟೈಪಿಂಗ್ ಸಾಧನಗಳು ಎಲ್ಲ ಕಡೆಗೂ ಸುಲಭವಾಗಿ ಕೈಚಾಚಲು ಆ ಸಡಿಲ ವ್ಯವಸ್ಥೆ ಅನುಕೂಲವಾಗಿಯೂ ಇತ್ತು. 2008ರಲ್ಲಿ ಆರಂಭವಾಗಿ ಈಗ ಎಕ್ಸ್‌ನ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್ ಆ ಬಾಗಿಲನ್ನು ಮುಚ್ಚಿದೆ. ಇನ್ನು ಮುಂದೆ ಕೀಲಿ ಒತ್ತಿದ್ದು ಡೆಸ್ಕ್‌ಟಾಪಿನ ಕೈ ದಾಟಿಯೇ ಹೋಗಬೇಕು. ಟೈಪಿಂಗ್ ಸಾಧನ ಯಾವುದೆಂದು ಡೆಸ್ಕ್‌ಟಾಪಿಗೆ ತಿಳಿದಿರಬೇಕು. ಗ್ನೋಮ್‌ನಲ್ಲಿ ಐಬಸ್ ಎಂಬ ಸಾಧನ ಒಳಗೇ ಸೇರಿಕೊಂಡಿರುವುದರಿಂದ ಈ ತಂಟೆ ಅಷ್ಟಾಗಿ ಕಾಣುವುದಿಲ್ಲ. ಪ್ಲಾಸ್ಮಾದಲ್ಲಿ ನೀವೇ ಹೇಳಿಕೊಡಬೇಕು. ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ವರ್ಚುವಲ್ ಕೀಬೋರ್ಡ್ ಎಂಬ ಪುಟವಿದೆ. ಪರದೆಯ ಮೇಲೆ ಬೆರಳಿನಿಂದ ಒತ್ತುವ ಕೀಲಿಮಣೆಗೆ ಸಂಬಂಧಿಸಿದ್ದೆಂದು ಭಾವಿಸಿ ಎಲ್ಲರೂ ಅದನ್ನು ದಾಟಿ ಹೋಗುತ್ತಾರೆ, ಆ ಹೆಸರಿಟ್ಟವರನ್ನೇ ದೂರಬೇಕು. ಅಲ್ಲಿ ಐಬಸ್ ವೇಲ್ಯಾಂಡ್ ಎಂಬುದನ್ನು ಆರಿಸಿ, ಲಾಗೌಟ್ ಆಗಿ ಮತ್ತೆ ಒಳಬಂದರೆ ಬಹುತೇಕ ಆಪ್‌ಗಳಲ್ಲಿ ಕನ್ನಡ ಸರಿಯಾಗಿ ಬೀಳುತ್ತದೆ.

ಕೀಲಿಮಣೆಯ ವಿಚಾರ. ನುಡಿಯಲ್ಲಿರುವ ವಿನ್ಯಾಸದ ಮೂಲ ಕನ್ನಡ ಕಂಪ್ಯೂಟರ್ ಟೈಪಿಂಗಿನ ಹರಿಕಾರ ಕೆ. ಪಿ. ರಾವ್ ಅವರದು, ಅದೇ ವಿನ್ಯಾಸ ಲಿನಕ್ಸ್‌ನಲ್ಲಿ ಕಗಪ ಎಂಬ ಹೆಸರಿನಲ್ಲಿದೆ, ಆದರೆ ಎರಡು ಕಡೆ ಎರಡು ರೂಪದಲ್ಲಿದೆ. ಡೆಸ್ಕ್‌ಟಾಪಿನ ಕೀಬೋರ್ಡ್ ಪಟ್ಟಿಯಲ್ಲಿ ನೇರವಾಗಿ ಕಾಣುವ ಕಗಪ ಒಂದು ಕೀಲಿಗೆ ಒಂದು ಅಕ್ಷರವೆಂಬ ಸರಳ ವ್ಯವಸ್ಥೆ. ವ್ಯಂಜನದ ಮುಂದೆ ಬಂದ ಸ್ವರ ತಾನಾಗಿಯೇ ಗುಣಿತವಾಗುವ ಜಾಣತನ ಅದಕ್ಕಿಲ್ಲ. ತಾವು ಹುಡುಕುತ್ತಿರುವುದು ಐಬಸ್‌ನ ಎಂ17ಎನ್ ಎಂಬ ಪೊಟ್ಟಣದಲ್ಲಿರುವ ಕಗಪವನ್ನು. ತಂತ್ರಾಂಶ ಭಂಡಾರದಲ್ಲಿ ಐಬಸ್ ಎಂ17ಎನ್ ಎಂದು ಹುಡುಕಿ ಸೇರಿಸಿ, ಐಬಸ್ ಆದ್ಯತೆಗಳಲ್ಲಿ ಕನ್ನಡದ ಕೆಳಗೆ ಅದನ್ನು ಆರಿಸಿ. ಎಫ್ ಒತ್ತಿ ಒತ್ತಕ್ಷರ ಮಾಡುವ ಅಭ್ಯಾಸ ಇಲ್ಲಿ ಹಾಗೆಯೇ ನಡೆಯುತ್ತದೆ.

ಗೀಚುಗಳ ತಪ್ಪು ಡೆಸ್ಕ್‌ಟಾಪಿನದಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಖ್ಯೆ ಕೊಡುವ ಯೂನಿಕೋಡ್‌ಗಿಂತ ಮೊದಲಿನ ಪದ್ಧತಿಯಲ್ಲಿ ಇಂಗ್ಲಿಷ್ ಮತ್ತಿತರ ಲಿಪಿಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟ್‌ಗಳಿಂದ ಆ ಕಡತಗಳನ್ನು ಬರೆಯಲಾಗಿದೆ. ಆ ಫಾಂಟ್ ಕಡತಗಳನ್ನೇ ಲಿನಕ್ಸ್ ಯಂತ್ರಕ್ಕೂ ಸೇರಿಸಿದರೆ ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶದಲ್ಲಿ ಓದಲು, ಮುದ್ರಿಸಲು ಬರುತ್ತದೆ. ಮುಂದೆ ತಿದ್ದಬೇಕಾದವುಗಳನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿಟ್ಟು ಪರಿಶೀಲಿಸಿ. ಆದರೆ ಪೇಜ್‌ಮೇಕರ್, ಕೋರಲ್‌ಡ್ರಾ ಕಡತಗಳೇ ಅಂಗಡಿಯ ಜೀವಾಳವಾಗಿದ್ದರೆ ಅವುಗಳಿಗಾಗಿ ಒಂದು ವಿಂಡೋಸ್ ಯಂತ್ರವನ್ನು ಇಟ್ಟುಕೊಳ್ಳಿ. ಮಾಘ, ಫಾಲ್ಗುಣದ ಲಗ್ನದ ಭರಾಟೆಯಲ್ಲಿ ಗಿರಾಕಿಯನ್ನು ನಿಲ್ಲಿಸಿಕೊಂಡು ಪ್ರಯೋಗ ಮಾಡುವುದು ತರವಲ್ಲ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಹನ್ನೆರಡು ಎಕ್ಸ್‌ಟೆನ್ಷನ್ ಸೇರಿಸಿ ಗ್ನೋಮ್ ಅನ್ನು ನನಗೆ ಬೇಕಾದಂತೆ ಮಾಡಿಕೊಂಡಿದ್ದೆ. ಆವೃತ್ತಿ ಬದಲಾದ ಮರುದಿನ ಅವುಗಳಲ್ಲಿ ಏಳು ಕೆಲಸ ನಿಲ್ಲಿಸಿದವು. ಜೊತೆಗೆ ಪರದೆಯನ್ನು 125 ಪ್ರತಿಶತಕ್ಕೆ ಹಿಗ್ಗಿಸಿದರೆ ಕೆಲವು ಆಪ್‌ಗಳ ಅಕ್ಷರ ಮಂಜು ಮಂಜಾಗುತ್ತದೆ. — ಹಾಸನ

ಉತ್ತರ: ಗ್ನೋಮ್ ವರ್ಷಕ್ಕೆ ಎರಡು ಬಾರಿ, ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ, ಹೊಸ ಆವೃತ್ತಿ ಹೊರತರುತ್ತದೆ. ಎಕ್ಸ್‌ಟೆನ್ಷನ್‌ಗಳು ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ತುಣುಕುಗಳು. ಅವು ಡೆಸ್ಕ್‌ಟಾಪಿನ ಒಳಭಾಗಕ್ಕೇ ಕೈಹಾಕಿ ತಿದ್ದುತ್ತವೆ. ಇಂತಹ ತಿದ್ದುಪಡಿಗೆ ಇದೇ ಜಾಗ, ಇದನ್ನು ಬದಲಿಸುವುದಿಲ್ಲ ಎಂಬ ಭರವಸೆಯನ್ನು ಗ್ನೋಮ್ ಕೊಟ್ಟಿಲ್ಲವಾದ್ದರಿಂದ ಒಳಗೆ ಒಂದು ಹೆಸರು ಬದಲಾದರೂ ತುಣುಕು ಮುರಿಯುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಬಂದ 45ನೆಯ ಆವೃತ್ತಿಯಲ್ಲಂತೂ ಅವುಗಳನ್ನು ಜೋಡಿಸುವ ಕ್ರಮವೇ ಬದಲಾಗಿ, ಹಳೆಯ ಎಕ್ಸ್‌ಟೆನ್ಷನ್‌ಗಳೆಲ್ಲವನ್ನೂ ತಿದ್ದಿ ಬರೆಯಬೇಕಾಯಿತು. ಬರೆಯುವವರು ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ಬರೆಯುವವರು. ಪರೀಕ್ಷೆ ಹತ್ತಿರವಿದ್ದರೆ ನಿಮ್ಮಂತೆಯೇ ಅವರೂ ತಡಮಾಡುತ್ತಾರೆ.

ಆದ್ದರಿಂದ ಆರು ತಿಂಗಳಿಗೊಮ್ಮೆ ಬದಲಾಗುವ ಲಿನಕ್ಸ್ ಬಿಟ್ಟು ದೀರ್ಘಾವಧಿ ಬೆಂಬಲದ ಆವೃತ್ತಿಯಲ್ಲಿ ನಿಲ್ಲುವುದು ಒಂದು ದಾರಿ. ಆದರೆ ನನಗೆ ನಿಮ್ಮ ಪತ್ರದಲ್ಲಿ ಎದ್ದು ಕಂಡದ್ದು ಹನ್ನೆರಡು ಎಂಬ ಸಂಖ್ಯೆ. ಒಂದು ಡೆಸ್ಕ್‌ಟಾಪನ್ನು ಹನ್ನೆರಡು ಕಡೆ ತಿದ್ದಬೇಕಾಗಿದೆಯೆಂದರೆ ಅದು ನಿಮಗಾಗಿ ಮಾಡಿದ ಡೆಸ್ಕ್‌ಟಾಪ್ ಅಲ್ಲ. ನೀವು ಹೊರಗಿನಿಂದ ತಂದು ಜೋಡಿಸಿದವುಗಳಲ್ಲಿ ಬಹುಪಾಲು ಕೆಡಿಇ ಪ್ಲಾಸ್ಮಾದಲ್ಲಿ ಒಳಗೇ ಇವೆ. ಅದರ ದೋಷ ಇನ್ನೊಂದು ಬಗೆಯದು: ಸೆಟ್ಟಿಂಗ್ಸ್ ಪುಟಗಳು ಒಂದರೊಳಗೊಂದು ಎಷ್ಟಿವೆಯೆಂದರೆ, ಟಚ್‌ಪ್ಯಾಡ್ ಸರಿಪಡಿಸಲು ಹೋದವರು ಅರ್ಧ ಗಂಟೆಯ ಬಳಿಕ ಕಿಟಕಿಯ ನೆರಳಿನ ಬಣ್ಣ ಆರಿಸುತ್ತಾ ಕುಳಿತಿರುತ್ತಾರೆ. ನನ್ನ ಮನೆಯಲ್ಲಿಯೂ ಇದು ನಡೆದಿದೆ.

ಮಂಜಿನ ಕಾರಣ ಹೀಗಿದೆ. ಎಕ್ಸ್‌ಗಾಗಿ ಬರೆದ ಹಳೆಯ ಆಪ್‌ಗಳು ವೇಲ್ಯಾಂಡ್ ಮೇಲೆ ಒಂದು ಮಧ್ಯವರ್ತಿಯ ಮೂಲಕ ನಡೆಯುತ್ತವೆ. ಅವು 100 ಪ್ರತಿಶತದಲ್ಲಿ ಬಿಡಿಸಿದ ಚಿತ್ರವನ್ನು ಡೆಸ್ಕ್‌ಟಾಪ್ ಫೋಟೊ ಹಿಗ್ಗಿಸಿದಂತೆ ಹಿಗ್ಗಿಸುವುದರಿಂದ ಅಂಚುಗಳು ಕರಗುತ್ತವೆ. ಪ್ಲಾಸ್ಮಾದ ಪರದೆ ಸೆಟ್ಟಿಂಗ್ಸ್‌ನಲ್ಲಿ ಹಳೆಯ ಆಪ್‌ಗಳು ತಾವೇ ಹಿಗ್ಗಿಕೊಳ್ಳಲಿ ಎಂಬ ಆಯ್ಕೆಯಿದೆ. ಗ್ನೋಮ್‌ನಲ್ಲಿಯೇ ಉಳಿಯುವುದಾದರೆ ಪರದೆಯನ್ನು 100 ಪ್ರತಿಶತಕ್ಕೆ ಮರಳಿಸಿ, ಆಕ್ಸೆಸಿಬಿಲಿಟಿ ಪುಟದಲ್ಲಿ ದೊಡ್ಡ ಅಕ್ಷರ ಎಂಬುದನ್ನು ಆರಿಸಿ. ಐಕಾನುಗಳು ಚಿಕ್ಕವಾಗಿಯೇ ಉಳಿದರೂ ಓದುವ ಅಕ್ಷರ ಚೊಕ್ಕಟವಾಗಿರುತ್ತದೆ.

ಪ್ರಶ್ನೆ: ಕಾಫಿ ತೋಟದಲ್ಲಿ ರೈಟರ್ ಕೆಲಸ ಮಾಡುತ್ತೇನೆ. ಸಂಜೆ ಹಾಜರಿ ಬರೆದು ಲ್ಯಾಪ್‌ಟಾಪ್ ಮುಚ್ಚಳ ಹಾಕಿ ಚೀಲದಲ್ಲಿಟ್ಟರೆ ಬೆಳಿಗ್ಗೆ ಬ್ಯಾಟರಿ ಖಾಲಿ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ನೆಚ್ಚಿಕೊಳ್ಳುವಂತಿಲ್ಲ. ಮೂರು ಡೆಸ್ಕ್‌ಟಾಪ್ ಬದಲಿಸಿದರೂ ಹೀಗೆಯೇ. — ಸಕಲೇಶಪುರ

ಉತ್ತರ: ಮೂರು ಡೆಸ್ಕ್‌ಟಾಪ್ ಬದಲಿಸಿಯೂ ತೊಂದರೆ ಉಳಿದಿದೆಯೆಂದರೆ ಅದು ಕೆಳಗಿನ ಪದರದ್ದು. ಹಿಂದಿನ ಲ್ಯಾಪ್‌ಟಾಪ್‌ಗಳು ನಿದ್ರೆಗೆ ಹೋದಾಗ ಮೆಮೊರಿಗೆ ಮಾತ್ರ ಅಲ್ಪ ವಿದ್ಯುತ್ ಕೊಟ್ಟು ಉಳಿದದ್ದೆಲ್ಲವನ್ನೂ ಆರಿಸುತ್ತಿದ್ದವು. ಈಚಿನ ಹಲವು ಮಾದರಿಗಳಲ್ಲಿ ತಯಾರಕರು ಆ ಗಾಢ ನಿದ್ರೆಯನ್ನು ತೆಗೆದು, ಮೊಬೈಲ್ ಫೋನಿನಂತೆ ಅರೆ ಎಚ್ಚರದಲ್ಲಿರುವ ವ್ಯವಸ್ಥೆಯನ್ನು ಮಾತ್ರ ಕೊಟ್ಟಿದ್ದಾರೆ. ಅದರಲ್ಲಿ ಒಂದು ಸಾಧನ ಸರಿಯಾಗಿ ಮಲಗದಿದ್ದರೂ ರಾತ್ರಿಯಿಡೀ ವಿದ್ಯುತ್ ಸೋರುತ್ತದೆ, ಚೀಲದೊಳಗೆ ಯಂತ್ರ ಬಿಸಿಯೂ ಆಗುತ್ತದೆ. ಯಂತ್ರ ಹೊತ್ತಿಸುವಾಗ ಬಯಾಸ್ (ಯಂತ್ರದ ಮೂಲ ಸೆಟ್ಟಿಂಗ್ಸ್) ಪುಟಕ್ಕೆ ಹೋಗಿ ನಿದ್ರೆಯ ಬಗೆ ಆರಿಸುವ ಅವಕಾಶ ಇದೆಯೇ ನೋಡಿ. ಕೆಲವು ಮಾದರಿಗಳಲ್ಲಿ ಲಿನಕ್ಸ್‌ಗೆಂದೇ ಒಂದು ಆಯ್ಕೆ ಇರುತ್ತದೆ. ಮೆಮೊರಿಯಲ್ಲಿರುವುದನ್ನು ಡಿಸ್ಕ್‌ಗೆ ಬರೆದು ಯಂತ್ರವನ್ನು ಆರಿಸುವ ಹೈಬರ್ನೇಟ್ ಮಾಡಬಹುದಾದರೂ ಅದಕ್ಕೆ ಡಿಸ್ಕ್‌ನಲ್ಲಿ ಪ್ರತ್ಯೇಕ ಜಾಗ ಬೇಕು. ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆ ಚಾಲೂ ಇದ್ದರೆ ಸಾಮಾನ್ಯವಾಗಿ ಅದು ನಡೆಯುವುದೂ ಇಲ್ಲ. ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಇರುವ ಯಂತ್ರವಾದರೆ ಹಾಜರಿ ಮುಗಿದ ಮೇಲೆ ಪೂರ್ತಿ ಆರಿಸಿಬಿಡಿ. ಬೆಳಿಗ್ಗೆ ಕೆಲಸದವರು ಕಣದ ಹತ್ತಿರ ಸೇರುವಷ್ಟರಲ್ಲಿ ಅದು ಎದ್ದಿರುತ್ತದೆ.

ಪ್ರಶ್ನೆ: ಡೆಸ್ಕ್‌ಟಾಪಿನ ಮೆನುಗಳನ್ನೇ ಕನ್ನಡದಲ್ಲಿ ಇಟ್ಟುಕೊಳ್ಳಬಹುದೇ? — ಕಡೂರು

ಉತ್ತರ: ಇಟ್ಟುಕೊಳ್ಳಬಹುದು. ಸ್ವಯಂಸೇವಕರ ಅನುವಾದವಾದ್ದರಿಂದ ಒಂದೇ ಪುಟದಲ್ಲಿ ಕನ್ನಡವೂ ಇಂಗ್ಲಿಷೂ ಬೆರೆತು ಕಾಣಿಸಿದರೆ ಬೇಸರಿಸಬೇಡಿ. ಭಾಷೆ ಬದಲಿಸಿ ಮತ್ತೆ ಲಾಗಿನ್ ಆದಾಗ ಫೋಲ್ಡರ್‌ಗಳ ಹೆಸರನ್ನೂ ಬದಲಿಸಲೇ ಎಂದು ಕೇಳಬಹುದು. ಹಳೆಯ ಹೆಸರೇ ಇರಲಿ ಎಂದು ಉತ್ತರಿಸಿ, ಇಲ್ಲವಾದರೆ ಡೌನ್‌ಲೋಡ್ಸ್ ಎಲ್ಲಿ ಹೋಯಿತೆಂದು ನನಗೆ ಇನ್ನೊಂದು ಪತ್ರ ಬರೆಯಬೇಕಾಗುತ್ತದೆ.

ಪ್ರಶ್ನೆ: 4 ಜಿಬಿ ಮೆಮೊರಿಯ, ತಿರುಗುವ ಹಾರ್ಡ್ ಡಿಸ್ಕ್ ಇರುವ ಹಳೆಯ ಲ್ಯಾಪ್‌ಟಾಪ್ ಇದೆ. ಮಗಳ ಓದಿಗೆ ಕೊಡಬೇಕು. ತೀರಾ ಹಗುರವಾದ ಡೆಸ್ಕ್‌ಟಾಪ್ ಯಾವುದು? — ಅರಸೀಕೆರೆ

ಉತ್ತರ: ಎಕ್ಸ್‌ಎಫ್‌ಸಿಇ ಹಾಕಿ. 1996ರಿಂದಲೂ ಇರುವ, ಅನಾವಶ್ಯಕ ಅಲಂಕಾರಕ್ಕೆ ಮನಸೋಲದ ಡೆಸ್ಕ್‌ಟಾಪ್ ಅದು. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ 4 ಜಿಬಿಯಲ್ಲಿ ನೆಮ್ಮದಿಯಾಗಿ ನಡೆಯುತ್ತದೆ. ಇದು ಈಗಲೂ ಹಳೆಯ ಎಕ್ಸ್ ವ್ಯವಸ್ಥೆಯ ಮೇಲೆಯೇ ನಡೆಯುವುದರಿಂದ ಕನ್ನಡ ಟೈಪಿಂಗ್‌ನಲ್ಲಿ ಚನ್ನರಾಯಪಟ್ಟಣದವರಿಗೆ ಬಂದ ತೊಡಕು ಬರಲಾರದು. ಆದರೆ ಡೆಸ್ಕ್‌ಟಾಪ್ ಹಗುರವಾದ ಮಾತ್ರಕ್ಕೆ ಯಂತ್ರ ಹಗುರವಾಗುವುದಿಲ್ಲ. ಮೆಮೊರಿಯನ್ನು ನಿಜವಾಗಿ ತಿನ್ನುವುದು ಬ್ರೌಸರ್. ಎಂಟು ಟ್ಯಾಬ್ ತೆರೆದರೆ ಯಾವ ಡೆಸ್ಕ್‌ಟಾಪಿನಲ್ಲಿಯೂ ಏದುಸಿರು ಬರುತ್ತದೆ. ಆಗ ಲಿನಕ್ಸ್ ಮೆಮೊರಿಯಲ್ಲಿ ಹಿಡಿಸದ್ದನ್ನು ಡಿಸ್ಕ್‌ಗೆ ಇಳಿಸುತ್ತದೆ, ತಿರುಗುವ ಡಿಸ್ಕ್ ಅದನ್ನು ಹುಡುಕಿ ತರುವಷ್ಟರಲ್ಲಿ ಮೌಸ್‌ನ ಬಾಣವೂ ಕದಲದೆ ನಿಲ್ಲುತ್ತದೆ. ಡೆಸ್ಕ್‌ಟಾಪಿನ ಮೇಲೆ ತಪ್ಪು ಹೊರಿಸುವ ಅನೇಕ ಪತ್ರಗಳ ಹಿಂದೆ ನಾನು ಕಂಡಿರುವುದು ಈ ಹಾರ್ಡ್ ಡಿಸ್ಕ್ ಅನ್ನೇ.

ಆದ್ದರಿಂದ ಮೊದಲು ಡಿಸ್ಕ್ ತೆಗೆಸಿ 256 ಜಿಬಿಯ ಎಸ್‌ಎಸ್‌ಡಿ ಹಾಕಿಸಿ. ಮೆಮೊರಿಗೆ ಇನ್ನೊಂದು ಕಿಂಡಿ ಖಾಲಿಯಿದ್ದರೆ ಅದಕ್ಕೂ ಒಂದು 4 ಜಿಬಿ ಸೇರಿಸಿ. ಹಾಕಿಸುವ ಮೊದಲು 8 ಜಿಬಿಯ ಪೆನ್‌ಡ್ರೈವ್‌ನಲ್ಲಿ ಮಿಂಟ್ ಬರೆದುಕೊಂಡು, ಅದರಿಂದಲೇ ಯಂತ್ರ ಚಾಲೂ ಮಾಡಿ, ವೈಫೈ, ಧ್ವನಿ, ಟಚ್‌ಪ್ಯಾಡ್, ಕ್ಯಾಮೆರಾ ನಾಲ್ಕನ್ನೂ ನೋಡಿಕೊಳ್ಳಿ. ಪೆನ್‌ಡ್ರೈವ್‌ನಿಂದ ನಡೆಯುವಾಗ ಯಂತ್ರ ನಿಧಾನವಾಗಿರುತ್ತದೆ, ವೇಗವನ್ನು ಅದರಿಂದ ಅಳೆಯಬೇಡಿ. ಎಲ್ಲವೂ ಸರಿಯಿದ್ದರೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೆನು ಎಲ್ಲಿರಬೇಕು, ಪಟ್ಟಿ ಮೇಲಿರಲೋ ಕೆಳಗಿರಲೋ ಎಂಬುದನ್ನು ಅವಳಿಂದಲೇ ಹೊಂದಿಸಿಕೊಳ್ಳಿ. ದಿನವೂ ಅದರ ಮುಂದೆ ಕೂರುವವಳು ಅವಳು.